ತಂಬೋರಾ: ಬುಡವನ್ನು ಮರೆತ ಚಾರಣ

ಬಾಲಿಗೆ ಹೋದ ನಮ್ಮವರಲ್ಲಿ ಹಲವರು ಬಾತೂರ್ ಬೆಟ್ಟದ ಸೂರ್ಯೋದಯ ನೋಡಿಯೇ ಮರಳುತ್ತಾರೆ. ಕಾಲು ಇನ್ನಷ್ಟು ಗಟ್ಟಿಯಿದ್ದವರು ಪಕ್ಕದ ಲೊಂಬೊಕ್ ದ್ವೀಪದಲ್ಲಿ 3,726 ಮೀಟರ್ ಎತ್ತರದ ರಿಂಜಾನಿ ಹತ್ತುತ್ತಾರೆ. ಅಲ್ಲಿಂದ ಪೂರ್ವಕ್ಕಿರುವ ಮುಂದಿನ ದೊಡ್ಡ ದ್ವೀಪ ಸುಂಬಾವಾ. ಅಲ್ಲಿನ ತಂಬೋರಾ ಜ್ವಾಲಾಮುಖಿಯ ತನಕ ಹೋಗುವವರು ವಿರಳ. ದಾರಿ ದೂರ, ಸೌಕರ್ಯ ಕಡಿಮೆ. ಹಾಗಿದ್ದೂ ಇಂಡೋನೇಷ್ಯಾದಲ್ಲಿ ಒಂದೇ ಒಂದು ಬೆಟ್ಟ ಹತ್ತುವವರಿಗೆ ನಾನು ಹೇಳುವುದು ಇದರ ಹೆಸರನ್ನೇ. ಆದರೆ ಇದನ್ನು ಇಂದು ಹತ್ತಿಸುತ್ತಿರುವ ಕ್ರಮವನ್ನು ಮಾತ್ರ ಒಪ್ಪಲಾರೆ.

ಮೊದಲು ಬೆಟ್ಟದ ಹಿರಿಮೆ. 1815ರ ಏಪ್ರಿಲ್ 5ರಂದು ತಂಬೋರಾ ಗುಡುಗಿದಾಗ, ದೂರದ ಜಾವಾದಲ್ಲಿ ಅದನ್ನು ಫಿರಂಗಿಯ ಸದ್ದೆಂದು ತಿಳಿದು ಯೋಗ್ಯಕರ್ತಾದಿಂದ ಸೈನಿಕರನ್ನು ಹೊರಡಿಸಿದ್ದರು. ಐದು ದಿನಗಳ ನಂತರ ಮಹಾಸ್ಫೋಟವಾಯಿತು. ನೂರು ಘನ ಕಿಲೋಮೀಟರಿಗೂ ಹೆಚ್ಚು ಬೂದಿ, ನೊರೆಗಲ್ಲು ಹೊರಬಿದ್ದವು. ಒಡಲಿನ ಶಿಲಾರಸ ಬರಿದಾದಾಗ ಆಧಾರ ಕಳೆದುಕೊಂಡ ಶಿಖರ ಒಳಕ್ಕೆ ಕುಸಿಯಿತು. 4,000 ಮೀಟರ್ ಮೀರಿತ್ತೆಂದು ಅಂದಾಜಿಸಿರುವ ಬೆಟ್ಟ ಈಗ ಸುಮಾರು 2,850 ಮೀಟರ್. ಶಿಖರವಿದ್ದ ಜಾಗದಲ್ಲಿ ಆರು ಕಿಲೋಮೀಟರ್ ಅಗಲದ ಕುಳಿ. ಮೇಲಿನ ವಾಯುಮಂಡಲಕ್ಕೆ ಏರಿದ ಗಂಧಕ ಬಿಸಿಲಿಗೆ ತೆರೆ ಕಟ್ಟಿತು. 1816ರಲ್ಲಿ ಯುರೋಪಿಗೂ ಈಶಾನ್ಯ ಅಮೆರಿಕಕ್ಕೂ ಸರಿಯಾದ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಕೊಟ್ಟಿತು.

ಇದನ್ನೆಲ್ಲ ಪುಸ್ತಕದಲ್ಲಿ ಓದಬಹುದು. ಆದರೆ ಆ ಅಳತೆಯನ್ನು ಮೈಗೆ ತಿಳಿಸುವುದು ವಾಯವ್ಯ ಬುಡದ ಪಂಚಸಿಲಾ ಹಳ್ಳಿಯಿಂದ ಹೊರಡುವ ಕಾಲ್ದಾರಿ. ಮೊದಲು ಕಾಫಿ ತೋಟ, ಆಮೇಲೆ ದಟ್ಟ ಕಾಡು, ನೆಲ ಒದ್ದೆಯಿದ್ದರೆ ಇಂಬಳಗಳ ಕಾಟ. ದಾರಿಯ ಐದು ತಂಗುದಾಣಗಳಲ್ಲಿ ಮೂರನೆಯದರಲ್ಲಿ ಡೇರೆ ಹಾಕುವುದು ರೂಢಿ. ಅದರಾಚೆ ತುರಚೆ ಗಿಡಗಳು ದಾರಿಗೇ ಬಾಗಿ ನಿಂತಿರುತ್ತವೆ. ತುಂಬುತೋಳಿನ ಅಂಗಿ ತೊಡದವರಿಗೆ ಮೈಯೆಲ್ಲ ಉರಿ. ಮರಗಳು ಕುಳ್ಳಗಾಗುತ್ತ ಹೋಗಿ, ಕೊನೆಗೆ ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುವ ಮರಳು. ಅಲ್ಲಿಂದ ಮೇಲೆ ಒಮ್ಮೆಲೇ ನೆಲ ಮುಗಿಯುತ್ತದೆ. ಎದುರಿಗೆ ನೂರಾರು ಮೀಟರ್ ಆಳದ ಗೋಡೆ, ಗೋಡೆಯಲ್ಲಿ ಲಾವಾ ಮತ್ತು ಬೂದಿಯ ಪದರದ ಮೇಲೆ ಪದರ. ತಳದಲ್ಲಿ, ಮಹಾಸ್ಫೋಟದ ನಂತರ ಹುಟ್ಟಿದ ದೊರೊ ಆಪಿ ತೊಯಿ ಎಂಬ ಪುಟ್ಟ ಗುಡ್ಡ. ಏದುಸಿರು ಬಿಟ್ಟು ಏರಿದ್ದು ಸುಮಾರು ಎರಡು ಕಿಲೋಮೀಟರ್ ಎತ್ತರ. ಇನ್ನೂ ಒಂದು ಕಿಲೋಮೀಟರಿಗೂ ಮಿಕ್ಕಿದ ಬೆಟ್ಟ ತಲೆಯ ಮೇಲಿನ ಈ ಬರಿಗಾಳಿಯಲ್ಲಿತ್ತು ಎಂಬುದು ಆಗ ಮಂಡಿಗೆ ಅರ್ಥವಾಗುತ್ತದೆ. ನಾನು ಬಲ್ಲ ಯಾವ ಚಾರಣವೂ ಭೂಮಿಯ ಒಂದು ಘಟನೆಯನ್ನು ಇಷ್ಟು ಸ್ಪಷ್ಟವಾಗಿ ಕಲಿಸುವುದಿಲ್ಲ.

ದಕ್ಷಿಣದ ದೊರೊ ಎನ್‌ಚಂಗಾ ಕಡೆಯಿಂದ ಜೀಪು ಬಹಳ ಎತ್ತರದವರೆಗೆ ಹೋಗುತ್ತದೆ. ದನ, ಎಮ್ಮೆ, ಕುದುರೆ ಮೇಯುವ ಆ ಹುಲ್ಲುಗಾವಲು ನೋಡಲು ಚೆಂದ. ವಯಸ್ಸಾದವರಿಗೆ, ಕಾಲುನೋವಿನವರಿಗೆ ಆ ದಾರಿ ಇರಲೇಬೇಕು. ಆದರೆ ನಡೆಯಬಲ್ಲವರು ಅದನ್ನು ಆರಿಸಿಕೊಂಡರೆ ಬೆಟ್ಟದ ಪಾಠವನ್ನೇ ಬಿಟ್ಟುಕೊಟ್ಟಂತೆ. ಕುಳಿ ಕಾಣುತ್ತದೆ, ಆದರೆ ಕಳೆದುಹೋದ ಎತ್ತರ ಅರಿವಿಗೆ ಬರುವುದಿಲ್ಲ.

ನನ್ನ ಮುಖ್ಯ ತಕರಾರು ಎರಡೂ ದಾರಿಗಳಿಗೆ ಸೇರಿದ್ದು. ಹಳ್ಳಿಗೆ ಬಂದ ಕೂಡಲೇ ಹೊರಡು, ಕತ್ತಲಲ್ಲಿ ಅಂಚಿಗೆ ಏರು, ಸೂರ್ಯೋದಯ ನೋಡು, ಇಳಿದು ವಾಹನ ಹತ್ತು: ರಿಂಜಾನಿಗೆ ಹೊಲಿದ ಅಂಗಿಯನ್ನೇ ತಂಬೋರಾಕ್ಕೂ ತೊಡಿಸಿದ್ದಾರೆ. ಇಲ್ಲಿನ ದೊಡ್ಡ ಕಥೆ ಇರುವುದು ಬುಡದಲ್ಲಿ. ತಂಬೋರಾ, ಪೆಕಾಟ್ ಎಂಬ ಎರಡು ಪುಟ್ಟ ರಾಜ್ಯಗಳು ಜನಸಮೇತ ಬೂದಿಯಡಿ ಹೂತುಹೋದವು. ತಂಬೋರಾದವರ ಭಾಷೆ ಸುತ್ತಲಿನ ಯಾವ ಭಾಷೆಗೂ ಸಂಬಂಧವಿಲ್ಲದ್ದು; ಅಂದು ಜಾವಾದ ಆಡಳಿತ ನಡೆಸುತ್ತಿದ್ದ ರಾಫಲ್ಸ್ ಪ್ರಕಟಿಸಿದ ಚಿಕ್ಕ ಪದಪಟ್ಟಿಯಷ್ಟೇ ಅದರ ಉಳಿಕೆ. ದ್ವೀಪದಲ್ಲಿ ಬದುಕುಳಿದವರಲ್ಲಿ ಹಲವರನ್ನು ಹಸಿವು ಕೊಂದಿತು. ಸುಂಬಾವಾ, ಲೊಂಬೊಕ್ ಎರಡರಲ್ಲೂ ಸತ್ತವರು ಹತ್ತಾರು ಸಾವಿರ. 2004ರಲ್ಲಿ ಜ್ವಾಲಾಮುಖಿ ತಜ್ಞ ಹರಾಲ್ಡುರ್ ಸಿಗುರ್ಡ್ಸನ್ ಅವರ ತಂಡ ಬುಡದ ಕಾಡಿನ ಕಮರಿಯೊಂದರಲ್ಲಿ ಅಗೆದಾಗ, ಸುಮಾರು ಮೂರು ಮೀಟರ್ ಬೂದಿಯಡಿ ಒಂದು ಮನೆ ಸಿಕ್ಕಿತು. ಕಂಬ ತೊಲೆಗಳು ಇದ್ದಿಲಾಗಿದ್ದವು. ಕಂಚಿನ ಬಟ್ಟಲು, ಮಡಕೆಗಳ ಜೊತೆಗೆ ಮನೆಯವರ ಸುಟ್ಟ ಮೂಳೆಗಳೂ ಇದ್ದವು. ಇಂಥ ನೆಲವನ್ನು ಒಂದು ಮಾತೂ ಇಲ್ಲದೆ ದಾಟಿಸುವ ಚಾರಣ ನನ್ನ ಮಟ್ಟಿಗೆ ಅರ್ಧದ್ದು.

ಜನ ಬಾರದ ಬೆಟ್ಟ ಎಂಬುದನ್ನೇ ಗುಣವೆಂದು ಮಾರುವುದನ್ನೂ ಪರೀಕ್ಷಿಸಬೇಕು. ಗುಂಪಿಲ್ಲದ್ದು ನಿಜವಾಗಿಯೂ ಒಳ್ಳೆಯದೇ. ರಿಂಜಾನಿಯ ಕಸದ ರಾಶಿ ಇಲ್ಲಿಗೆ ಬರದಿರಲಿ. ಆದರೆ ಗುಂಪಿಲ್ಲದಲ್ಲಿ ನೆರವೂ ತಡ. 2018ರ ಜುಲೈ ಭೂಕಂಪದಲ್ಲಿ ಹೆಸರಾಂತ ರಿಂಜಾನಿಯ ಮೇಲೆಯೇ 500ಕ್ಕೂ ಹೆಚ್ಚು ಚಾರಣಿಗರು ಸಿಕ್ಕಿಬಿದ್ದಿದ್ದರು. ಅಪಾಯವನ್ನು ತಾವಾಗಿ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಹಲ್ಮಹೇರಾ ದ್ವೀಪದ ದುಕೊನೊ ಜ್ವಾಲಾಮುಖಿ 1933ರಿಂದ ಉಗುಳುತ್ತಲೇ ಇದೆ. 2024ರ ಆಗಸ್ಟ್‌ನಲ್ಲಿ ಅದರ ಕುಳಿಯ ಹತ್ತಿರಕ್ಕೆ ಹೋದವರು ಬೂದಿಯ ಕಂಬ ಎದ್ದಾಗ ಪ್ರಾಣ ಕೈಯಲ್ಲಿ ಹಿಡಿದು ಓಡಿದರು. ನಿಷೇಧಿತ ವಲಯವನ್ನು ಮೀರುವುದು ಸಾಹಸವಲ್ಲ. ನಾಳೆ ಹಾಗೆ ಮೀರಿದವರನ್ನು ಹುಡುಕಲು ಅದೇ ಇಳಿಜಾರನ್ನು ಹತ್ತಬೇಕಾದವರು ಊರಿನ ಮಾರ್ಗದರ್ಶಿಗಳು, ಚಪ್ಪಲಿ ಕಾಲಿನಲ್ಲೇ ಬಿದಿರಿನ ಅಡ್ಡೆ ಹೊರುವ ಹಮಾಲರು. ತಂಬೋರಾ ಈಗ ಶಾಂತವಾಗಿ ಕಂಡರೂ ಸತ್ತ ಜ್ವಾಲಾಮುಖಿಯಲ್ಲ. ಅದರ ಅಪಾಯದ ಮಟ್ಟ ವಿಚಾರಿಸದೆ ಹೊರಡಬಾರದು.

ಸ್ಫೋಟದ ಇನ್ನೂರನೆಯ ವರ್ಷವಾದ 2015ರಲ್ಲಿ ಸರಕಾರ ಇದನ್ನು ರಾಷ್ಟ್ರೀಯ ಉದ್ಯಾನವಾಗಿಸಿತು. ಕಾಡಿಗೆ ಕಾವಲು ಸಿಕ್ಕಿತು. ಇನ್ನು ಬೇಕಿರುವುದು ಚಾರಣಕ್ಕೆ ಒಂದು ಹಗಲು. ಆ ಹಗಲು ಬುಡದಲ್ಲಿ, ಊರಿನ ಮಾರ್ಗದರ್ಶಿಯ ಜೊತೆ ಕಳೆಯಲಿ. ಏನು ಹೂತುಹೋಯಿತೆಂದು ತಿಳಿದ ಮೇಲೆ ಹತ್ತುವುದು ಶುರುವಾಗಲಿ. ಅದರ ಕೂಲಿಯನ್ನು ಚಾರಣಿಗರೇ ಕೊಡಲಿ. ಸಂಘಟಕರು ಆ ಹಗಲನ್ನು ಸೇರಿಸದಿದ್ದರೆ ನಾವೇ ಕೇಳಿ ಸೇರಿಸಿಕೊಳ್ಳಬೇಕು. ಕುಳಿಯ ಅಂಚು ಕಣ್ಣಿಗೆ ಕೊಡುವುದು ಬಹಳ. ಆದರೆ ಆ ಬೆಟ್ಟದಡಿ ಬದುಕಿದ್ದವರ ಲೆಕ್ಕ ಅಲ್ಲಿ ಸಿಗುವುದಿಲ್ಲ.