‘9ಎಚ್’ ಎಂಬ ಬರಹದ ಗಡಸುತನ ಎಷ್ಟು?

ಹೊಸ ಸ್ಮಾರ್ಟ್‌ಫೋನ್ ಕೊಂಡವರು ಅದೇ ಅಂಗಡಿಯಲ್ಲಿ ‘ಟೆಂಪರ್ಡ್ ಗ್ಲಾಸ್’ ಹಾಕಿಸಿಕೊಂಡೇ ಹೊರಬರುವುದು ಈಗ ವಾಡಿಕೆಯಾಗಿದೆ. ಮೈಸೂರಿನಲ್ಲಿ ಹೇಗೋ ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಾವಡಗೆರೆಯಲ್ಲೂ ಹಾಗೆಯೇ. ಆ ತೆಳು ಗಾಜಿನ ಪೊಟ್ಟಣದ ಮೇಲೆ ದಪ್ಪ ಅಕ್ಷರಗಳಲ್ಲಿ ‘9ಎಚ್ ಗಡಸುತನ’ ಎಂದು ಅಚ್ಚಾಗಿರುತ್ತದೆ. ಕೆಲವದರ ಮೇಲೆ ವಜ್ರದ ಚಿತ್ರವೂ ಉಂಟು. ಗಿರಾಕಿ ಅನುಮಾನಿಸಿದರೆ ಅಂಗಡಿಯವರು ಬೀಗದ ಕೈಯನ್ನೋ ನಾಣ್ಯವನ್ನೋ ಗಾಜಿನ ಮೇಲೆ ಬಲವಾಗಿ ಎಳೆದು, ‘ನೋಡಿ ಸಾರ್, ಒಂದು ಗೀರೂ ಬೀಳಲಿಲ್ಲ’ ಎನ್ನುತ್ತಾರೆ. ನೋಡಿದವರು ಒಪ್ಪಿ ಹಣ ಕೊಡುತ್ತಾರೆ. ಈ ಬರಹವನ್ನೂ ಈ ಪ್ರದರ್ಶನವನ್ನೂ ವಿಜ್ಞಾನದ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಒಮ್ಮೆ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. 2020ರ ಕೋವಿಡ್ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಮಗುವಿನ ತರಗತಿಯೇ ಫೋನಿನೊಳಗಿತ್ತು. ಒಡೆದ ಪರದೆಯನ್ನು ಬದಲಿಸಲು ಸಾವಿರಾರು ರೂಪಾಯಿ ಬೇಕಾಗುವುದರಿಂದ ಇದು ಬರಿಯ ಶೋಕಿಯ ವಿಷಯವಲ್ಲ.

ಗಡಸುತನ ಎಂದೊಡನೆ ನಮಗೆ ನೆನಪಾಗುವುದು ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಅಳತೆಗೋಲು. ಅದರಲ್ಲಿ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಹಾಗಾದರೆ 9 ಯಾವುದು? ಕುರುಂದದ ಕಲ್ಲು, ಅಂದರೆ ಪಠ್ಯಪುಸ್ತಕಗಳ ಕೊರಂಡಮ್. ಕೆಂಪು ಹರಳೂ ನೀಲಮಣಿಯೂ ಇದೇ ಖನಿಜದ ರೂಪಗಳು. ಇದನ್ನು ಕಾಣಲು ಮೈಸೂರು ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಕಡೆ, ಭೂವಿಜ್ಞಾನಿಗಳು ‘ಸರಗೂರು ಗುಂಪು’ ಎಂದು ಕರೆದಿರುವ ಮುನ್ನೂರು ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಲ್ಲಿ ಕುರುಂದ ದೊರೆಯುತ್ತದೆ. ಶಾಲೆಯ ಸಂಗ್ರಹದಲ್ಲಿ ಅದರ ಒಂದು ತುಂಡಿದ್ದರೆ, ಬಳಸಿ ಬಿಸಾಡಿದ ಸ್ಕ್ರೀನ್ ಗಾರ್ಡಿನ ಮೇಲೆ ಎಳೆದು ನೋಡಿ. ಗೀರು ಬೀಳುವುದರಲ್ಲಿ ಸಂದೇಹವೇ ಇಲ್ಲ. ಗಾಜು ಮೋಸ್ ಮಾನದಲ್ಲಿ ಐದೂವರೆಯಿಂದ ಆರೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಒಂಬತ್ತನ್ನು ಮುಟ್ಟುವುದಿಲ್ಲ.

ಹಾಗಿದ್ದರೆ ಪೊಟ್ಟಣದ 9ಎಚ್ ಎಲ್ಲಿಂದ ಬಂತು? ಪೆನ್ಸಿಲಿನಿಂದ! ನಕ್ಷೆ ಬರೆಯುವವರು ಬಳಸುವ ಪೆನ್ಸಿಲುಗಳ ಮೇಲೆ ಎಚ್ಎಚ್, 2ಎಚ್, ಎಚ್‌ಬಿ, 2ಬಿ ಎಂದಿರುವುದನ್ನು ನೀವು ಕಂಡಿದ್ದೀರಿ. ಗ್ರಾಫೈಟಿಗೆ ಬೆರೆಸುವ ಜೇಡಿಯ ಪ್ರಮಾಣ ಹೆಚ್ಚಿದಂತೆ ಕಡ್ಡಿ ಗಟ್ಟಿಯಾಗುತ್ತದೆ, ಎಚ್‌ನ ಅಂಕಿ ಏರುತ್ತದೆ. ಬಣ್ಣ, ವಾರ್ನಿಷ್ ಮುಂತಾದ ಲೇಪಗಳು ಎಷ್ಟು ಗಟ್ಟಿ ಎಂದು ತಿಳಿಯಲು ಕೈಗಾರಿಕೆಗಳಲ್ಲಿ ಈ ಪೆನ್ಸಿಲುಗಳನ್ನೇ ಬಳಸುತ್ತಾರೆ. ಐಎಸ್ಒ 15184 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಪೆನ್ಸಿಲನ್ನು 45 ಡಿಗ್ರಿ ಕೋನದಲ್ಲಿ ಹಿಡಿದು, 750 ಗ್ರಾಂ ಭಾರ ಹೇರಿ, ಲೇಪದ ಮೇಲೆ ತಳ್ಳಬೇಕು. ಆ ಪೆನ್ಸಿಲ್ ಸಾಲಿನ ಕೊನೆಯದು 9ಎಚ್. ಅದಕ್ಕೂ ಗೀರು ಬೀಳದ ಮೇಲ್ಮೈ ‘9ಎಚ್’ ಎನಿಸಿಕೊಳ್ಳುತ್ತದೆ. ಗಮನಿಸಿ, ಇದು ಬಣ್ಣದ ಪೊರೆಗಾಗಿ ಮಾಡಿದ ಪರೀಕ್ಷೆ, ಗಾಜಿಗಾಗಿ ಅಲ್ಲ.

ಒಡೆದ ಕಿಟಕಿಯ ಗಾಜಿನ ಚೂರೊಂದನ್ನು ಜೋಪಾನವಾಗಿ ತೆಗೆದುಕೊಂಡು, ಸಿಕ್ಕಿದ ಅತ್ಯಂತ ಗಟ್ಟಿ ಪೆನ್ಸಿಲಿನಿಂದ ಗೀಚಿ. ಬೂದು ಗೆರೆ ಮೂಡಬಹುದು, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಿತ್ತಾಳೆಯ ಬೀಗದ ಕೈ ಎಳೆಯಿರಿ. ಅದೂ ಸೋಲುತ್ತದೆ, ಏಕೆಂದರೆ ಹಿತ್ತಾಳೆಯ ಗಡಸುತನ ಮೂರು ನಾಲ್ಕರ ಹತ್ತಿರ. ಅಂದರೆ ಅಂಗಡಿಯ ಪ್ರದರ್ಶನವನ್ನೂ ಪೊಟ್ಟಣದ ಪರೀಕ್ಷೆಯನ್ನೂ ನಿಮ್ಮ ಮನೆಯ ಕಿಟಕಿ ಗಾಜು ಕೂಡ ನಿರಾಯಾಸವಾಗಿ ಪಾಸು ಮಾಡುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ 9ಎಚ್ ಸುಳ್ಳಲ್ಲ. ಆದರೆ ಅದು ತಿಳಿಸುವುದು ಇಷ್ಟೇ: ಒಳಗಿರುವುದು ಮೆದು ಪ್ಲಾಸ್ಟಿಕ್ ಹಾಳೆಯಲ್ಲ. ಐವತ್ತು ರೂಪಾಯಿಯ ಗಾಜಿಗೂ ಐನೂರರ ಗಾಜಿಗೂ ಇದೇ ಮುದ್ರೆ ಇರುವಾಗ ಆಯ್ಕೆಗೆ ಅದರಿಂದ ಏನು ಉಪಯೋಗ? ಇನ್ನು ಪಕ್ಕದ ವಜ್ರದ ಚಿತ್ರ ಮೋಸ್ ಮಾನವನ್ನು ಬೇಕೆಂದೇ ನೆನಪಿಸುತ್ತದೆ. ನಮ್ಮ ಆಕ್ಷೇಪ ಮುಖ್ಯವಾಗಿ ಅದಕ್ಕೆ.

ಫೋನಿನ ಪರದೆಗೆ ನಿಜವಾದ ಶತ್ರು ಮರಳು. ಗಾವಡಗೆರೆ, ಪಿರಿಯಾಪಟ್ಟಣದ ಹೊಲಗಳದು ಮರಳು ಬೆರೆತ ಕೆಂಪು ಮಣ್ಣು. ಅದರಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ, ಅವುಗಳ ಗಡಸುತನ 7. ಹೊಗೆಸೊಪ್ಪಿನ ಎಲೆ ಕೀಳುವ ದಿನಗಳಲ್ಲಿ ಕೈಗೆ ಹತ್ತುವ ಅಂಟು ಪರದೆಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ದೂಳು ಕೂರುತ್ತದೆ, ಮಾಲೀಕರು ಅಂಗಿಯ ಚುಂಗಿನಿಂದ ತಿಕ್ಕುತ್ತಾರೆ. ಇದು ಉಪ್ಪುಕಾಗದದಿಂದ ಉಜ್ಜಿದಂತೆಯೇ. ಮೊದಲು ಊದಿ ಕಣಗಳನ್ನು ಹಾರಿಸಿ, ಬಳಿಕ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಕ್ಷೇಮ.

ಗೀರು ಬರಿಯ ಅಂದಗೇಡಲ್ಲ. ಗಾಜಿನ ಬಲವನ್ನು ಅದರ ಮೈಮೇಲಿನ ಸೂಕ್ಷ್ಮ ಬಿರುಕುಗಳೇ ನಿರ್ಧರಿಸುತ್ತವೆ ಎಂಬುದನ್ನು ಬ್ರಿಟನ್ನಿನ ಎಂಜಿನಿಯರ್ ಗ್ರಿಫಿತ್ 1921ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಬಾಗಿದಾಗ ಎಳೆತವೆಲ್ಲ ಬಿರುಕಿನ ತುದಿಯಲ್ಲಿ ಕೇಂದ್ರೀಕೃತವಾಗಿ ಅದು ಮುಂದುವರಿಯುತ್ತದೆ. ಇದನ್ನು ತಡೆಯುವ ಉಪಾಯವೆಂದರೆ ಮೇಲ್ಮೈಯನ್ನು ಮೊದಲೇ ಒತ್ತಿಹಿಡಿದಿರುವುದು. ಬಸ್ಸಿನ ಕಿಟಕಿಯ ದಪ್ಪ ಗಾಜಿಗಾದರೆ ಕಾಯಿಸಿ ತಟ್ಟನೆ ತಂಗಾಳಿ ಹಾಯಿಸಿದರೆ ಸಾಕು. ಮಿಲಿಮೀಟರಿನ ಮೂರನೆಯ ಒಂದರಷ್ಟು ತೆಳುವಾದ ಗಾಜಿನಲ್ಲಿ ಮೈಗೂ ಒಡಲಿಗೂ ಬೇಕಾದ ಉಷ್ಣತೆಯ ಅಂತರ ಸಿಕ್ಕುವುದಿಲ್ಲ. ಆದ್ದರಿಂದ ಅದನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಡುತ್ತಾರೆ. ಗಾಜಿನಲ್ಲಿರುವ ಸೋಡಿಯಂ ಅಯಾನುಗಳು ಹೊರಬಂದು, ಅವುಗಳ ಜಾಗದಲ್ಲಿ ಮೂರನೆಯ ಒಂದರಷ್ಟು ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳು ತೂರಿಕೊಳ್ಳುತ್ತವೆ. ಇಬ್ಬರ ಸೀಟಿನಲ್ಲಿ ಮೂವರು ಕುಳಿತ ಹಾಗೆ ಮೇಲ್ಪದರ ಇಕ್ಕಟ್ಟಾಗುತ್ತದೆ! 2007ರಿಂದ ಫೋನುಗಳಲ್ಲಿ ಬಳಕೆಗೆ ಬಂದ ಗೊರಿಲ್ಲಾ ಗ್ಲಾಸಿನ ತತ್ವವೂ ಇದೇ.

ಗುಣಮಟ್ಟದ ವ್ಯತ್ಯಾಸ ಇರುವುದು ಇಲ್ಲಿ. ಅಗ್ಗದ ಸೋಡಾ–ಸುಣ್ಣದ ಗಾಜಿನಲ್ಲಿ ಈ ಒತ್ತಿದ ಪದರ ಹತ್ತಿಪ್ಪತ್ತು ಮೈಕ್ರೊಮೀಟರ್ ಆಳಕ್ಕಷ್ಟೇ ಇಳಿಯುತ್ತದೆ. ಅಲ್ಯುಮಿನೊಸಿಲಿಕೇಟ್ ಗಾಜಿನಲ್ಲಿ ನಲವತ್ತಕ್ಕೂ ಮೀರಬಹುದು. ಪದರವನ್ನು ದಾಟಿದ ಗೀರು ಎಳೆತದಲ್ಲಿರುವ ಒಡಲನ್ನು ಮುಟ್ಟಿ ಗಾಜನ್ನು ಸೀಳುತ್ತದೆ. ಹೀಗಾಗಿ ಕೊಳ್ಳುವವರಿಗೆ ತಿಳಿಯಬೇಕಾದ್ದು ಗಾಜು ಯಾವ ಬಗೆಯದು, ಪದರದ ಆಳವೆಷ್ಟು ಎಂಬುದು. ಪೊಟ್ಟಣದ ಮೇಲೆ ಇವನ್ನು ಎಷ್ಟು ಹುಡುಕಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಬದಲಿಗೆ 5ಡಿ, 9ಡಿ, 11ಡಿ ಎಂಬ ಬಿರುದುಗಳಿರುತ್ತವೆ. ‘2.5ಡಿ’ ಎಂದರೆ ಗಾಜಿನ ಅಂಚನ್ನು ದುಂಡಗೆ ಉಜ್ಜಿದ್ದಾರೆ ಎಂದು ಅರ್ಥ. ಮಿಕ್ಕ ಆಯಾಮಗಳು ಭೌತವಿಜ್ಞಾನಕ್ಕಂತೂ ಗೊತ್ತಿಲ್ಲ.

ಅಂಗಡಿಯಲ್ಲಿ ನಿಂತು ನೋಡಬಹುದಾದವು ಕೆಲವೇ. ಅಂಟು ಇಡೀ ಹಾಳೆಗೆ ಇರಲಿ. ಅಂಚಿಗೆ ಮಾತ್ರ ಇದ್ದರೆ ನಡುವೆ ಉಳಿಯುವ ಗಾಳಿಪದರದಿಂದ ಸ್ಪರ್ಶಕ್ಕೆ ಅಡ್ಡಿಯಾಗುತ್ತದೆ, ದೂಳೂ ನುಗ್ಗುತ್ತದೆ. ಗಾಜಿನ ಮೇಲೆ ಒಂದು ಹನಿ ನೀರು ಬಿಡಿ. ಗುಂಡಾಗಿ ನಿಂತರೆ ಜಿಡ್ಡು ಹತ್ತದ ಲೇಪವಿದೆ, ಚಪ್ಪಟೆಯಾಗಿ ಹರಡಿದರೆ ಇಲ್ಲ. ಈ ಲೇಪ ಬಳಸುತ್ತ ಸವೆಯುವಂಥದು. ಮೂಲೆಗೆ ಬಿದ್ದ ಪೆಟ್ಟಿನಿಂದ ಪರದೆಯನ್ನು ಯಾವ ಗಾಜೂ ಅಷ್ಟಾಗಿ ಕಾಯಲಾರದು, ಅದಕ್ಕೆ ಅಂಚೆತ್ತಿದ ಹಿಂಗವಚವೇ ಬೇಕು. ಪರದೆಯೊಳಗೇ ಬೆರಳಚ್ಚು ಗುರುತಿಸುವ ಫೋನಾದರೆ ಇನ್ನೂ ಎಚ್ಚರ ಅಗತ್ಯ. 2019ರ ಅಕ್ಟೋಬರಿನಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್10 ಫೋನು ಕೆಲವು ಸಿಲಿಕೋನ್ ಹೊದಿಕೆಗಳ ಮೇಲಿಂದ ಯಾರ ಬೆರಳಿಟ್ಟರೂ ತೆರೆದುಕೊಳ್ಳುತ್ತಿತ್ತು. ಹೊದಿಕೆಯ ಒಳಮೈಯ ಉಬ್ಬುತಗ್ಗುಗಳನ್ನೇ ಅದು ಬೆರಳ ಗೆರೆಗಳೆಂದು ಭಾವಿಸಿತ್ತು. ಕಂಪನಿ ದೋಷವನ್ನು ಒಪ್ಪಿಕೊಂಡು ತಂತ್ರಾಂಶವನ್ನು ತಿದ್ದಿತು.

ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ, ದೂರು ನೀಡಲು ಸಂಪರ್ಕ ಇವೆಲ್ಲ ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಹೇಳುತ್ತವೆ. ಈ ಲೇಖನಕ್ಕೆಂದು ಕೊಂಡುತಂದ ಪೊಟ್ಟಣ ನನ್ನ ಮೇಜಿನ ಮೇಲಿದೆ. 9ಎಚ್ ಇದೆ, 11ಡಿ ಇದೆ, ಹೊಳೆಯುವ ವಜ್ರವೂ ಇದೆ. ತಯಾರಕರ ಹೆಸರಿಲ್ಲ, ಬೆಲೆಯೂ ಇಲ್ಲ. ಅಂಗಡಿಯವರು ನೂರೈವತ್ತು ಹೇಳಿದ್ದರು, ಚೌಕಾಸಿ ಮಾಡಿದ ಮೇಲೆ ಎಂಬತ್ತಕ್ಕೆ ಕೊಟ್ಟರು.