ಪುಣೆಯ ಮುಖತ್ಯಾರರು

ಪರ್ವತಿ ಬೆಟ್ಟದ ದೇವಸ್ಥಾನದ ಆಡಳಿತ ಸರಿಯಿಲ್ಲವೆಂಬ ತಕರಾರಿನಿಂದ ಹುಟ್ಟಿದ ಸಂಸ್ಥೆ, 27 ವರ್ಷಗಳಲ್ಲಿ ಸರ್ಕಾರದ ಕಣ್ಣಿಗೆ ಅಪಾಯಕಾರಿಯಾಗಿ ಕಂಡಿತು. ಗಣೇಶ ವಾಸುದೇವ ಜೋಶಿ 1870ರ ಏಪ್ರಿಲ್ 2ರಂದು ಕಟ್ಟಿದ ಪುಣೆ ಸಾರ್ವಜನಿಕ ಸಭೆಗೆ ಬರೀ ಚಂದಾ ಕೊಟ್ಟು ಸೇರುವಂತಿರಲಿಲ್ಲ; ಕನಿಷ್ಠ 50 ಮಂದಿ ಸಹಿ ಹಾಕಿದ ಮುಖತ್ಯಾರಪತ್ರ ತರಬೇಕಿತ್ತು. ಹಾಗೆ ಬಂದವರು 95 ಮಂದಿ, ಅವರ ಬೆನ್ನಿಗೆ ಸುಮಾರು 6,000 ಜನ. ಓಟಿನ ಹಕ್ಕೇ ಇಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ದಂಡಸಂಹಿತೆಗೆ ರಾಜದ್ರೋಹದ 124ಎ ಕಲಮು ಸೇರಿದ್ದೂ ಅದೇ ವರ್ಷ.

ಸಭೆಯ ಕಸುವೆಲ್ಲ ಇದ್ದದ್ದು ವರದಿ, ಮನವಿಗಳಲ್ಲಿ. 1876–78ರ ಬರ ಸೊಲ್ಲಾಪುರ, ಕಲಾದಗಿ, ಧಾರವಾಡ ಸೀಮೆಗಳನ್ನು ಹುರಿಯುತ್ತಿದ್ದಾಗ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಬರಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ 1 ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಇದರಲ್ಲಿ ಜೀವ ಹಿಡಿಯಲಾಗದೆಂದು ಸಭೆ ಪಟ್ಟು ಹಿಡಿದು ಬರೆಯಿತು. 1896ರ ಬರದ ಹೊತ್ತಿಗೆ ಸಭೆ ಬಾಲ ಗಂಗಾಧರ ಟಿಳಕರ ಬಳಗದ ಕೈಯಲ್ಲಿತ್ತು. ಸರ್ಕಾರವೇ ರಚಿಸಿದ ಬರಗಾಲ ಸಂಹಿತೆಯನ್ನು ಮರಾಠಿಗೆ ತಂದು, ಬೆಳೆ ಹೋದರೆ ಕಂದಾಯ ಮುಂದೂಡಲು ಅವಕಾಶವಿದೆಯೆಂದು ಅದರ ಕಾರ್ಯಕರ್ತರು ಊರೂರಿಗೆ ಹೋಗಿ ಹೇಳಿದರು. ಹೊಸದೇನನ್ನೂ ಕೇಳಿರಲಿಲ್ಲ, ನೋಡಿ! ಆದರೂ 1897ರ ಮಾರ್ಚ್‌ನಲ್ಲಿ ಸಭೆಯ ಮಾನ್ಯತೆ ಹೋಯಿತು. ಸೆಪ್ಟೆಂಬರ್‌ನಲ್ಲಿ, ‘ಕೇಸರಿ’ ಪತ್ರಿಕೆಯ ಬರಹಗಳಿಗಾಗಿ ಟಿಳಕರಿಗೆ ರಾಜದ್ರೋಹದ ಶಿಕ್ಷೆಯಾಯಿತು.

ಹಾಗೆಂದು ಸಭೆಯನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ರೈತನ ಪರ ವಾದವಿತ್ತು, ರೈತನಿಗೆ ಅಲ್ಲಿ ಜಾಗವಿರಲಿಲ್ಲ. ಅದೇ ಊರಿನ ಜೋತಿಬಾ ಫುಲೆ ಇದು ಬ್ರಾಹ್ಮಣರ ಸಭೆಯೆಂದು ಜರೆದದ್ದರಲ್ಲಿ ಅನ್ಯಾಯವೇನಿಲ್ಲ.

ಆ ಕೊರತೆ ತುಂಬಿದ್ದು ಶತಮಾನದ ಮೇಲೆ, ಕಸದ ತೊಟ್ಟಿಯ ಬಳಿ. 1993ರಲ್ಲಿ ಪುಣೆಯ ಚಿಂದಿ ಆಯುವವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿದರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಲ್ಲಿ ಮಹಾನಗರ ಪಾಲಿಕೆಯೊಂದಿಗೆ ಕರಾರು ಮಾಡಿಕೊಂಡಿತು. 3,000ಕ್ಕೂ ಹೆಚ್ಚು ಸದಸ್ಯರು. ಬಹುಪಾಲು ದಲಿತ ಹೆಂಗಸರು, ಅವರೇ ಮಾಲೀಕರು. ಮನೆಮನೆಯ ಕಸ ಎತ್ತಿ, ಕೈಗಾಡಿಯ ಪಕ್ಕ ಕೂತು ಹಸಿ ಒಣ ಬೇರೆ ಮಾಡುತ್ತಾರೆ. ಬಳಸಿದ ಸ್ಯಾನಿಟರಿ ಪ್ಯಾಡು ಬರಿಗೈಗೆ ಸಿಗುವ ಹೇಸಿಗೆ ತಪ್ಪಲೆಂದು, ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಟ್ಟು ಕೊಡಿರೆಂದು ನಗರಕ್ಕೆ ಹೇಳಿಕೊಟ್ಟವರು ಇವರು. ಪ್ಯಾಡು ಸುತ್ತಿ ಎಸೆಯಲು ಕಂಪನಿಗಳು ಲಕೋಟೆ ಕೊಡಬೇಕೆಂಬ ಮಾತು 2016ರ ಘನತ್ಯಾಜ್ಯ ನಿಯಮಗಳಲ್ಲೂ ಬಂತು.

ಭದ್ರತೆಯ ಮಾತು ಬಂದಾಗ ಮಾತ್ರ ಸರ್ಕಾರದ ರಾಗ ಹಳೆಯದೇ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ ಅಜಿತ್ ಡೋವಲ್ ಹೈದರಾಬಾದಿನ ಪೊಲೀಸ್ ಅಕಾಡೆಮಿಯಲ್ಲಿ, ನಾಗರಿಕ ಸಮಾಜವೇ ಯುದ್ಧದ ಹೊಸ ರಂಗವೆಂದೂ ಅದನ್ನು ಒಡೆದು ದೇಶಕ್ಕೆ ಕೇಡು ಬಗೆಯಬಹುದೆಂದೂ ಎಚ್ಚರಿಸಿದರು. ಹೊರಗಿನ ಕೈವಾಡದ ಭಯ ಪೂರ್ತಿ ಸುಳ್ಳಲ್ಲ. ದಾನಿಗಳ ಪಟ್ಟಿ ಉದ್ದವಿದ್ದು ಸದಸ್ಯರ ಪಟ್ಟಿಯೇ ಇಲ್ಲದ ಸಂಸ್ಥೆಗಳು ಅನುಮಾನಕ್ಕೆ ಎಡೆಗೊಡುತ್ತವೆ. ಆದರೆ ಸಹಿಗಳ ಕಟ್ಟನ್ನೇ ಮುಂದಿಟ್ಟ ಸಭೆಯನ್ನೂ 1897ರಲ್ಲಿ ಸರ್ಕಾರ ನಂಬಲಿಲ್ಲವಲ್ಲ. ಸ್ವಚ್ಛ್ ಬಳಿಯೂ ಸದಸ್ಯರ ಪಟ್ಟಿಯಿದೆ. ಆದರೂ ಕರಾರಿನ ಅವಧಿ ಮುಗಿದಾಗ ಕೆಲಸವನ್ನು ಖಾಸಗಿ ಗುತ್ತಿಗೆದಾರರಿಗೆ ಕೊಡುವ ಮಾತು ಏಳುತ್ತದೆ, ಆ ಹೆಂಗಸರು ಪಾಲಿಕೆಯ ಬಾಗಿಲು ತಟ್ಟಬೇಕಾಗುತ್ತದೆ.