ಮೂರ್ತಿ ಚಿಕ್ಕದು, ಕೀರ್ತಿ?

ನಮ್ಮ ವಿಜ್ಞಾನಲೇಖಕರಿಗೆ ಒಂದು ಗಾದೆ ಬಹು ಪ್ರಿಯ: ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ನ್ಯಾನೊ ಗಾತ್ರದ ಕಾಂತಕಣಗಳ ವಿಷಯ ಬಂದಿತೆಂದರೆ ಈ ಗಾದೆ ಮುಂದೆ ನಿಲ್ಲುತ್ತದೆ. ಕಣವೆಂದರೆ ‘ಪುಟ್ಟ ಅಯಸ್ಕಾಂತ’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ವಾಚಕರಿಗೆ ಎಲ್ಲವೂ ತಿಳಿದಂತಾಗುತ್ತದೆ. ತಿಳಿದದ್ದು ಮಾತ್ರ ತಪ್ಪು.

ತೋರಣಗಲ್ಲಿನಲ್ಲಿ ರೈಲಿಳಿದವರ ಚಪ್ಪಲಿಗೆ ಮೆತ್ತುವ ಕೆಂಪು ಧೂಳನ್ನು ನೋಡಿ. ಸೊಂಡೂರಿನ ಅದಿರು ಬಹುಪಾಲು ಹೆಮಟೈಟು. ಅಯಸ್ಕಾಂತ ಹಿಡಿದರೆ ಅಷ್ಟಾಗಿ ಅಂಟದು. ಅದೇ ಕಬ್ಬಿಣ, ಅದೇ ಆಮ್ಲಜನಕ ಬೇರೊಂದು ಬಗೆಯಲ್ಲಿ ಕೂಡಿದ ಕರಿಯ ಮ್ಯಾಗ್ನಟೈಟು ಥಟ್ಟನೆ ಅಂಟುತ್ತದೆ. ಇದು ಪದಾರ್ಥದ ಭೇದ. ಆದರೆ ಮ್ಯಾಗ್ನಟೈಟನ್ನೇ ಕಿರಿದು ಮಾಡುತ್ತ ಹೋದರೂ ಗುಣ ಬದಲಾಗುತ್ತದೆ. ಸ್ವಾರಸ್ಯವಿರುವುದು ಅಲ್ಲಿ.

ದೊಡ್ಡ ಹರಳು ಹಲವು ಕೇರಿಗಳ ಊರಿದ್ದಂತೆ. ಒಂದೊಂದು ಕೇರಿಯೂ ಒಂದೊಂದು ದಿಕ್ಕಿಗೆ ಮುಖಮಾಡಿರುತ್ತದೆ. ಗಾತ್ರ 100 ನ್ಯಾನೊಮೀಟರಿನ, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ, ಆಸುಪಾಸಿಗೆ ಇಳಿದಾಗ ನಡುವೆ ಗೋಡೆ ಕಟ್ಟುವ ವೆಚ್ಚವೇ ಹೆಚ್ಚಾಗಿ ಊರೆಲ್ಲ ಒಂದೇ ಕೇರಿಯಾಗುತ್ತದೆ. ಸುಮಾರು 20ಕ್ಕಿಂತ ಕೆಳಗೆ, ಕೊಠಡಿಯ ಶಾಖವೇ ಆ ಮುಖವನ್ನು ಅತ್ತಿತ್ತ ತಿರುಗಿಸುತ್ತಿರುತ್ತದೆ. ಹೊರಗಿನ ಕಾಂತವನ್ನು ತೆಗೆದೊಡನೆ ಕಣಗಳ ಗುಂಪು ತನ್ನ ಕಾಂತತ್ವವನ್ನು ಮರೆಯುತ್ತದೆ. ಈ ತಿರುಗಾಟದ ಲೆಕ್ಕವನ್ನು ಫ್ರಾನ್ಸಿನ ಲೂಯಿ ನೇಲ್ 1949ರಲ್ಲಿ ಕೊಟ್ಟರು.

ಇನ್ನು ಮೇಲ್ಮೈ. 50 ನ್ಯಾನೊಮೀಟರ್ ಅಡ್ಡಳತೆಯ ಗುಂಡು ಕಣದಲ್ಲಿ ಅರ್ಧ ನ್ಯಾನೊಮೀಟರ್ ದಪ್ಪದ ಸಿಪ್ಪೆ ಶೇಕಡ 6ರಷ್ಟು. 5 ನ್ಯಾನೊಮೀಟರಿನ ಕಣದಲ್ಲಿ ಅದೇ ಸಿಪ್ಪೆ ಹೆಚ್ಚುಕಡಮೆ ಅರ್ಧ! ಸಿಪ್ಪೆಯ ಪರಮಾಣುವಿಗೆ ಒಂದು ಕಡೆ ನೆರೆಯವರಿಲ್ಲ. ಸಾಲು ತಪ್ಪಿ ಓರೆಯಾಗುತ್ತದೆ. ಆದ್ದರಿಂದ ಗ್ರಾಮಿಗೆ ಇಷ್ಟೆಂದು ಅಳೆಯುವ ಕಾಂತತ್ವ ಸಾಮಾನ್ಯವಾಗಿ ಕುಗ್ಗುತ್ತದೆ. ಹಾಗಾದರೆ ದೊಡ್ಡ ಕೀರ್ತಿ ಎಲ್ಲಿಂದ ಬಂತು? ಆ ಮರೆವಿನಿಂದಲೇ. ಕಾಂತತ್ವವನ್ನು ಉಳಿಸಿಕೊಳ್ಳದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವ ಭಯ ಕಡಮೆ. ವೈದ್ಯರಿಗೆ ಬೇಕಾದದ್ದು ಅದು. ಗಾದೆ ಹೇಳದೆ ಬಿಟ್ಟ ಮಾತೂ ಅದೇ.

ಹೋಲಿಕೆಯೇ ಬೇಡವೆಂದಲ್ಲ, ಕೇರಿಯನ್ನು ನಾನೂ ತಂದಿದ್ದೇನೆ. ಆದರೆ ಅದು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು ಲೇಖಕನ ಹೊಣೆ. ಕೇರಿಯ ಜನ ಶಾಖಕ್ಕೆ ಒಟ್ಟಾಗಿ ಮುಖ ತಿರುಗಿಸುವುದಿಲ್ಲ. ನನ್ನ ಹೋಲಿಕೆ ಅಲ್ಲಿಗೆ ಮುಗಿಯಿತು.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದ್ದು ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬ ನಂಬಿಕೆಯಿಂದ. ಕನ್ನಡ ಶಾಲೆಯಿಂದ ಬಂದ ಹುಡುಗ ನಮ್ಮ ಲೇಖನ ಓದಿ ತಪ್ಪು ಕಲಿತರೆ, ಕನ್ನಡಕ್ಕೆ ಅದು ಸಾಗದೆಂಬ ಅಪವಾದ ಭಾಷೆಯ ತಲೆಗೆ ಬರುತ್ತದೆ. ತಪ್ಪು ಬರೆದವನದು.